ಉಸ್ತಾದರ ಸಲುವಾಗಿ ಪಟ್ಟಿ ಎತ್ತಿದ್ದು

ದಾನ ಕೊಟ್ಟವರ ಹೆಸರು ಕಲ್ಲಿನ ಮೇಲೆ ಕೆತ್ತಿರುವುದನ್ನು ನೀವೆಲ್ಲ ನೋಡಿರುತ್ತೀರಿ. ದಾನ ಕೇಳಲು ಹೋದವನ ಹೆಸರು ಎಲ್ಲಿಯೂ ಇರುವುದಿಲ್ಲ. ಆತ ಬಿಸಿಲಲ್ಲಿ ಎಷ್ಟು ಕಟ್ಟೆಗಳ ಮೇಲೆ ಕಾದು ಕುಳಿತ, ಎಷ್ಟು ಮನೆಗಳಲ್ಲಿ ಬರೀ ಚಹಾ ಕುಡಿದು ಎದ್ದುಬಂದ ಎಂಬುದನ್ನು ಯಾರೂ ವಿಚಾರಿಸುವುದಿಲ್ಲ. ನನಗಂತೂ ಹುಟ್ಟಿನಿಂದಲೇ ಕೇಳುವುದೆಂದರೆ ಸಂಕೋಚ. ಊಟಕ್ಕೆ ಕೂತಾಗ ಇನ್ನಷ್ಟು ಸಾರು ಬೇಕಾದರೂ ತಟ್ಟೆಯನ್ನು ತುಸು ಮುಂದೆ ಸರಿಸಿ ಸುಮ್ಮನಿರುತ್ತೇನೆ. ಬಡಿಸುವವರಿಗೆ ತಿಳಿದರೆ ನನ್ನ ಪುಣ್ಯ. ಇಂಥವನನ್ನು ಹಿಡಿದು ಚಿತ್ತಾಪುರದ ಹಿರಿಯರು ವಿದ್ವಾಂಸರ ಮತ್ತು ಕಲಾವಿದರ ಪೋಷಕ ನಿಧಿಗೆ ಕಾರ್ಯದರ್ಶಿ ಮಾಡಿದರು. ನಾನೇ ಏಕೆ ಎಂದು ಕೇಳಿದ್ದಕ್ಕೆ ನಿಧಿಯ ಅಧ್ಯಕ್ಷರಾದ ವೀರಭದ್ರಪ್ಪ ವಕೀಲರು, “ನೀವು ಸಾಲಿ ಮಾಸ್ತರ್ ಇದ್ದೀರಿ. ನಿಮ್ಮ ಮಾತು ಯಾರೂ ಕೇಳಲಿಲ್ಲಂದ್ರೂ ನಿಮಗ ಕೆಟ್ಟ ಅನಸಂಗಿಲ್ಲ, ರೂಢಿ ಇರ್ತದ,” ಎಂದರು.

ನಿಧಿ ಹುಟ್ಟಿದ್ದು ಒಬ್ಬ ಮನುಷ್ಯನ ಸಲುವಾಗಿ. ಜಾಗೀರುಗಳು ರದ್ದಾದ ಮೇಲೆ ನಮ್ಮ ಕಡೆಯ ಜಾಗೀರದಾರರೊಬ್ಬರು ತಮ್ಮ ವಾಡೆಗೆ ಬೀಗ ಹಾಕಿ ಹೈದರಾಬಾದು ಸೇರಿಕೊಂಡರು. ಅವರ ಕುದುರೆಗಳನ್ನು ಯಾರೋ ಕೊಂಡರು, ಗಾಡಿಗಳನ್ನು ಇನ್ಯಾರೋ ಕೊಂಡರು. ಅವರಲ್ಲಿ ಸಾರಂಗಿ ನುಡಿಸುತ್ತಿದ್ದ ಉಸ್ತಾದ್ ದಸ್ತಗೀರ್ ಸಾಹೇಬರನ್ನು ಮಾತ್ರ ಯಾರೂ ಕೇಳಲಿಲ್ಲ. ಅವರು ಎರಡು ಸಾರಂಗಿಗಳನ್ನು, ಒಂದು ತಮ್ಮದು, ಇನ್ನೊಂದು ತೀರಿಹೋದ ತಮ್ಮನದು, ಕೌದಿಯಲ್ಲಿ ಸುತ್ತಿಕೊಂಡು ಬಂದು ನಮ್ಮ ಶಾಲೆಯ ಪಡಸಾಲೆಯಲ್ಲಿ ಇಳಿದುಕೊಂಡರು. ಸೊಲ್ಲಾಪುರದ ಗಿರಣಿಯಲ್ಲಿ ಅಳಿಯ ನನಗೆ ಕಾವಲುಗಾರನ ಕೆಲಸ ನೋಡಿದ್ದಾನೆ, ಸಾರಂಗಿಗಳನ್ನು ಮಾರಿ ಹೋಗುತ್ತೇನೆ ಎಂದರು. ಅಂದು ಸಂಜೆ ಕೊನೆಯ ಸಲವೆಂದು ನುಡಿಸಿದರು. ಕೋರ್ಟಿನ ಕೂಗು ಬಿಟ್ಟರೆ ಬೇರೆ ಸ್ವರ ಕೇಳದ ವೀರಭದ್ರಪ್ಪನವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕುಳಿತರು. ಆಮೇಲೆ, “ಇವರನ್ನ ಕಳಸಬಾರದು,” ಎಂದಷ್ಟೇ ಹೇಳಿದರು.

ಸಾಹೇಬರು ಸುಲಭಕ್ಕೆ ಒಪ್ಪಲಿಲ್ಲ. “ದಾನ-ಖೈರಾತ್ ಬ್ಯಾಡ್ರಿ ಮಾಸ್ತರ್ ಸಾಬ್. ಯಾರಿಗಾದ್ರೂ ಕಲಸ್ತೀನಿ. ಕಲಸಿದ್ದಕ್ಕ ಕೊಡ್ರಿ, ತೊಗೋತೀನಿ,” ಎಂದರು. ಮಳೆಗಾಲ ಶುರುವಾಗುವುದರೊಳಗೆ ಅವರಿಗೊಂದು ಸೂರು, ಎರಡು ಹೊತ್ತಿನ ಊಟ, ಒಬ್ಬನಾದರೂ ಶಿಷ್ಯ, ಇಷ್ಟು ಆಗದಿದ್ದರೆ ಸೊಲ್ಲಾಪುರದ ಗಾಡಿ ಎಂದು ತೀರ್ಮಾನವಾಯಿತು. ನಾನು ಪಟ್ಟಿ ಎತ್ತಲು, ಅಂದರೆ ವಂತಿಗೆ ಕೂಡಿಸಲು, ಹೊರಟೆ.

ಕಲೆಗೆ ದಾನ ಕೊಡಲು ಇಷ್ಟೊಂದು ದಾರಿಗಳಿವೆ ಎಂದು ನನಗೆ ಗೊತ್ತಾದದ್ದು ಆಗ. ಸೇಡಂನ ಒಬ್ಬ ವ್ಯಾಪಾರಿ, ನಿಜಾಮರ ಹಾಲಿ ಸಿಕ್ಕಾ ನಾಣ್ಯ ಇನ್ನೇನು ಬಂದ್ ಆಗುತ್ತದೆ, ಹೋಗುವ ರೊಕ್ಕವನ್ನು ವಿದ್ಯೆಗೆ ಕೊಡುವುದು ವಿದ್ಯೆಗೆ ಅವಮಾನ, ಹೊಸ ರೊಕ್ಕ ಬರಲಿ ಎಂದು ಬಹಳ ಗೌರವದಿಂದ ಹೊರಗೆ ಕಳಿಸಿದರು. ಶಹಾಬಾದದ ಕಲ್ಲುಗಣಿಯ ಮಾಲಕರು ಒಂದು ಗಾಡಿ ಫರಸಿ ಕಲ್ಲು ಕೊಟ್ಟರು. ಮನೆಯೇ ಇಲ್ಲದ ಉಸ್ತಾದರಿಗೆ ನೆಲಹಾಸು ಸಿಕ್ಕಿತು. ವಾಡಿ ಜಂಕ್ಷನ್ನಿನ ಚಹಾದ ಅಂಗಡಿಯವರು, ಯಾವ ಕಲಾವಿದ ಬಂದರೂ ಚಹಾ ಪುಕ್ಕಟೆ ಎಂದು ಸಾರಿದರು. ಒಂದು ವಾರದಲ್ಲಿ ವಾಡಿಯ ಹಮಾಲರೆಲ್ಲ ಭಜನೆ ಹಾಡತೊಡಗಿದರೆಂದು ಅವರೇ ಆ ಯೋಜನೆ ನಿಲ್ಲಿಸಿದರು. ಕಾಳಗಿಯ ರೈತ ಶಿವಶರಣಪ್ಪ ಮಾತ್ರ ಯೋಚಿಸದೆ ಕರೆಯುವ ಎಮ್ಮೆಯೊಂದನ್ನು ಬಿಚ್ಚಿ ಹಗ್ಗ ನನ್ನ ಕೈಗೆ ಕೊಟ್ಟ.

“ಹಾಲು ಕುಡದ್ರ ಕಂಠ ಛಲೋ ಇರ್ತದ್ರಿ,” ಎಂದ.

“ಅವರು ಹಾಡಂಗಿಲ್ಲಪ್ಪಾ, ಸಾರಂಗಿ ನುಡಸ್ತಾರ,” ಎಂದೆ.

“ಕೈಗೇನು ಕಸುವು ಬ್ಯಾಡೇನ್ರಿ?” ಎಂದ. ನಾನು ಎಮ್ಮೆ ಹಿಡಿದುಕೊಂಡು ಹೊರಟೆ.

ಹೀಗೆ ಕಲ್ಲು, ಎಮ್ಮೆ, ಕೊನೆಗೆ ಶಾಲೆಗೆ ಇನ್‌ಸ್ಪೆಕ್ಟರ್ ಬರುವ ಸುದ್ದಿ ಹಬ್ಬಿ ಪಡಸಾಲೆ ಬಿಡಬೇಕಾದ್ದರಿಂದ ಉಸ್ತಾದರೂ, ನಮ್ಮ ಮನೆಗೆ ಬಂದರು. ನನ್ನ ಹೆಂಡತಿ ಶಾಂತಾ ಬಾಗಿಲಲ್ಲಿ ನಿಂತು ಮೂರನ್ನೂ ನೋಡಿ, “ನಿಧಿ ಅಂದ್ರ ನಮ್ಮ ಮನೀನೇ ಏನ್ರಿ?” ಎಂದು ಕೇಳಿದಳು. ಆದರೂ ಉಸ್ತಾದರಿಗೆ ಬಿಸಿ ರೊಟ್ಟಿ ತಪ್ಪಲಿಲ್ಲ.

ಶಿಷ್ಯನ ಗತಿ ಇನ್ನೂ ಕಷ್ಟವಾಯಿತು. ಕಚೇರಿಗಳಲ್ಲಿ ಉರ್ದು ಹೋಗಿ ಕನ್ನಡ ಬರಲಿದೆಯೆಂದು ಊರಿನವರೆಲ್ಲ ಅರ್ಜಿ ಬರೆಯುವುದನ್ನು ಹೊಸದಾಗಿ ಕಲಿಯುತ್ತಿದ್ದರು. ಸಾರಂಗಿಗೆ ಯಾರಿಗೂ ಪುರಸೊತ್ತಿರಲಿಲ್ಲ. ಕಲಿಸದೆ ಉಣ್ಣಲಾರೆನೆಂದು ಉಸ್ತಾದರು ಎದ್ದುಹೋಗುವ ಮನಸ್ಸು ಮಾಡಿದಾಗ ನಾನೇ, “ನನಗ ಕಲಸ್ರಿ,” ಎಂದೆ. ಸಾರಂಗಿಯ ತಂತಿಯನ್ನು ಬೆರಳಿನಿಂದ ಒತ್ತುವುದಿಲ್ಲ. ಉಗುರಿನ ಬುಡದಿಂದ ತಳ್ಳಬೇಕು. ಗಣಿತ ಕಲಿಸುವ ನನ್ನ ಬೆರಳುಗಳಿಗೆ ಸೀಮೆಸುಣ್ಣ ಬಿಟ್ಟರೆ ಬೇರೆ ಅನುಭವವಿರಲಿಲ್ಲ. ತಮ್ಮನ ಸಾರಂಗಿಯ ಮೇಲೆ ನಾನು ಕಮಾನು ಎಳೆದಾಗಲೆಲ್ಲ ಉಸ್ತಾದರು ಕಣ್ಣು ಮುಚ್ಚುತ್ತಿದ್ದರು. ಮೊದಮೊದಲು ಅದನ್ನು ತನ್ಮಯತೆ ಎಂದು ತಿಳಿದಿದ್ದೆ. ಎಮ್ಮೆ ಮಾತ್ರ ಅವರು ನುಡಿಸಿದರೂ ನಾನು ನುಡಿಸಿದರೂ ಒಂದೇ ರೀತಿ ಮೆಲುಕು ಹಾಕುತ್ತಿತ್ತು. ಆ ಮನೆಯಲ್ಲಿ ನನ್ನನ್ನು ಉಸ್ತಾದರಿಗೆ ಸಮನಾಗಿ ಕಂಡದ್ದು ಅದೊಂದೇ.

ನಮ್ಮ ಗೋಡೆಗೆ ಗೋಡೆ ಹಚ್ಚಿ ಬಸವಂತಪ್ಪನವರ ಮನೆ. ಕಂದಾಯ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಸ್ಟೇಷನ್ ರಸ್ತೆಯಲ್ಲಿ ಅವರ ಎರಡು ಖೋಲಿಯ ಮನೆಯೊಂದು ಖಾಲಿ ಬಿದ್ದಿತ್ತು. ಅದಕ್ಕಾಗಿ ನಾನು ಎಷ್ಟೋ ಸಲ ಅವರ ಕಟ್ಟೆ ಹತ್ತಿ ಇಳಿದಿದ್ದೆ. “ನೋಡೋಣ್ರಿ” ಎಂಬುದಕ್ಕಿಂತ ಮುಂದೆ ಅವರು ಹೋಗಿರಲಿಲ್ಲ. ನನ್ನ ಪಾಠ ಶುರುವಾದ ಎರಡನೆಯ ವಾರ ಅವರೇ ನಮ್ಮ ಮನೆಗೆ ಬಂದರು. ನಿದ್ದೆಯಿಲ್ಲದೆ ಕಣ್ಣುಗಳು ಕೆಂಪಾಗಿದ್ದವು.

“ಮಾಸ್ತರ್, ಮುಂಜಾನಿ ಅದು ಯಾರು ನುಡಸ್ತಾರ್ರಿ?”

“ನಾನೇ ಕಲೀಲಿಕತ್ತೀನ್ರಿ.”

“ಇನ್ನಾ ಎಷ್ಟು ದಿವ್ಸ?”

ಉಸ್ತಾದರು ಒಳಗಿನಿಂದ, “ಹನ್ನೆರಡು ವರ್ಷ ಬೇಕಾಗ್ತದ್ರಿ,” ಎಂದು ಪ್ರಾಮಾಣಿಕವಾಗಿ ಹೇಳಿದರು.

ಬಸವಂತಪ್ಪನವರು ನಡುವಿಗೆ ಸಿಕ್ಕಿಸಿದ್ದ ಬೀಗದ ಕೈ ತೆಗೆದು ಕಟ್ಟೆಯ ಮೇಲಿಟ್ಟರು. “ಸ್ಟೇಷನ್ ರಸ್ತೆ ಮನಿ ನಿಧಿಗೆ ಕೊಟ್ಟೀನಿ. ಬಾಡಗಿ ಬ್ಯಾಡ. ಪಾಠ ಅಷ್ಟೂ ಅಲ್ಲೇ ಆಗಬೇಕು,” ಎಂದರು.

ಅವರು ಹೋದ ಮೇಲೆ ನಾನು ನಾಚಿಕೆಯಿಂದ ಉಸ್ತಾದರ ಮುಖ ನೋಡಲಾರದೆ ನಿಂತೆ. ಅಂಥ ವಿದ್ವತ್ತಿಗೆ ಇಂಥ ರೀತಿಯಲ್ಲಿ ಮನೆ ಸಿಗಬಾರದಿತ್ತು ಎನಿಸಿತು. ಅವರು ನಗುತ್ತಿದ್ದರು. “ನನ್ನ ವಿದ್ಯಾಕ ಇಷ್ಟು ವರ್ಷ ಮನಿ ಸಿಗಲಿಲ್ಲ ಮಾಸ್ತರ್ ಸಾಬ್. ನಿಮ್ಮ ಅವಿದ್ಯಾಕ ಸಿಕ್ತು. ಮನಿ ಮನೀನೇ. ನಡೀರಿ,” ಎಂದರು.

ಮಳೆ ಬರುವುದರೊಳಗೆ ಫರಸಿ ಹಾಸಿದೆವು. ಮನೆ ಸ್ಟೇಷನ್ನಿನ ಬಳಿಯಿದ್ದದ್ದರಿಂದ ಟಿಕೀಟು ಕೊಡುವ ಗುಮಾಸ್ತರೊಬ್ಬರು ಕಿಟಕಿಯ ಹೊರಗೆ ನಿಂತು ಕೇಳಿ, ಆಮೇಲೆ ಒಳಗೆ ಬಂದು ಕೂತರು. ಅವರ ಕೈ ನಿಜವಾಗಿಯೂ ಸಾರಂಗಿಗೆ ಹುಟ್ಟಿದ ಕೈ. ಉಸ್ತಾದರು ಅವರ ಪಾಠದಲ್ಲಿ ಕಣ್ಣು ತೆರೆದುಕೊಂಡೇ ಇರುತ್ತಿದ್ದರು. ಸೊಲ್ಲಾಪುರಕ್ಕೆ ಬರುವುದಿಲ್ಲವೆಂದು ಅಳಿಯನಿಗೆ ತಿಳಿಸಿಬಿಟ್ಟರು.

ಇನ್ನು ನನ್ನ ಅಗತ್ಯವಿಲ್ಲವೆಂದು ನಾನು ವಕೀಲರಿಗೆ ಹೇಳಿದೆ. ಪಾಠ ಬಿಡುತ್ತೇನೆ ಎಂದೆ.

“ಬಿಡಬ್ಯಾಡ್ರಿ,” ಎಂದರು ಅವರು, ಗಂಭೀರವಾಗಿ. “ಹಳೇ ಶಾಸನ ಓದೋ ಪಂಡಿತರಿಗೂ ಒಂದು ಮನಿ ಬೇಕಾಗ್ಯದ. ಚಿಂಚೋಳಿಯೊಳಗ ಒಬ್ಬ ಸಾಹುಕಾರರ ಹಂತೇಕ ಮೂರು ಮನಿ ಖಾಲಿ ಅವ. ಅವರ ಬಾಜೂಕ, ಗ್ವಾಡಿಗಿ ಗ್ವಾಡಿ ಹಚ್ಚಿ, ನಮ್ಮ ಬೀಗರ ಮನಿ ಅದ. ಸೂಟಿಯೊಳಗ ಹೋಗಿ ಇದ್ದು ಬರ್ರಿ.”

ಶಾಲೆಗೆ ಸೂಟಿ ಬಿಟ್ಟ ಮೇಲೆ ಚಿಂಚೋಳಿಯ ಬಸ್ಸು ಹತ್ತಿ ಕೂತಾಗ ಉಸ್ತಾದರೇ ಬಂದು ತಮ್ಮನ ಸಾರಂಗಿಯನ್ನು ನನ್ನ ತೊಡೆಯ ಮೇಲಿಟ್ಟರು. ಶಿಷ್ಯನಿಗೆ ಗುರು ಹೇಳುವ ಮಾತು ಇರುತ್ತದಲ್ಲ ಎಂದು ಕಾದೆ. ಅವರು ಕೆಳಗಿಳಿದು ಕಿಟಕಿಗೆ ಬಾಗಿ ಮೆಲ್ಲಗೆ ಹೇಳಿದರು: “ಅಲ್ಲಿ ಸಾಹುಕಾರರಿಗೆ ಕೇಳೋ ಹಂಗ ನುಡಸ್ರಿ, ಆದ್ರ ರಿಯಾಜ್ ಮಾಡಬ್ಯಾಡ್ರಿ ಮಾಸ್ತರ್ ಸಾಬ್. ಕೈ ಸುಧಾರಸಿಬಿಟ್ರ ಪಂಡಿತರಿಗೆ ಮನಿ ಸಿಗಂಗಿಲ್ಲ.”