ಬಂಪರಿನ ನೀಲಿ, ಬಾನೆಟ್ಟಿನ ನೀಲಿ

ಬಣ್ಣಗಳ ವಿಷಯದಲ್ಲಿ ನಾನು ಹುಟ್ಟು ದಡ್ಡ. ನನಗೆ ನೀಲಿ ಎಂದರೆ ನೀಲಿ, ಕೆಂಪು ಎಂದರೆ ಕೆಂಪು, ಅಲ್ಲಿಗೆ ಮುಗಿಯಿತು. ನನ್ನ ಹೆಂಡತಿ ಸುಮಿತ್ರೆಗೆ ಅದು ಅಲ್ಲಿಂದಲೇ ಶುರು. ಅವಳ ಜೊತೆ ರವಿಕೆ ಬಟ್ಟೆ ತರಲು ಮ್ಯಾಚಿಂಗ್ ಸೆಂಟರಿಗೆ ಹೋಗಿ ನೋಡಬೇಕು. ಅಂಗಡಿಯವನು ಗೋಡೆ ತುಂಬ ಜೋಡಿಸಿಟ್ಟ ಬಟ್ಟೆಯನ್ನೆಲ್ಲ ಒಂದೊಂದಾಗಿ ಕೆಡವುತ್ತಿರುತ್ತಾನೆ. ಇವಳು ಸೀರೆಯ ಅಂಚನ್ನೂ ಬಟ್ಟೆಯನ್ನೂ ಹಿಡಿದು ಬೀದಿಗೆ ಬರುತ್ತಾಳೆ, ಬಿಸಿಲಿಗೆ ಹಿಡಿಯುತ್ತಾಳೆ, ತಲೆ ಅಡ್ಡ ಆಡಿಸಿ ಮತ್ತೆ ಒಳಗೆ ಹೋಗುತ್ತಾಳೆ. ಟ್ಯೂಬ್‌ಲೈಟಿನಲ್ಲಿ ಒಪ್ಪಿದ್ದು ಬಿಸಿಲಿನಲ್ಲೂ ಒಪ್ಪಬೇಕಂತೆ. ಚೀಲ ಹಿಡಿದು ಫುಟ್‌ಪಾತಿನಲ್ಲಿ ನಿಂತ ನನ್ನನ್ನು ಒಮ್ಮೆ ಅಭಿಪ್ರಾಯ ಕೇಳಿದ್ದಳು. ಎರಡೂ ಒಂದೇ ಅಂದೆ. ಅಂದಿನಿಂದ ಕೇಳುವುದನ್ನು ಬಿಟ್ಟಿದ್ದಾಳೆ.

ಇಂಥವಳು ತನ್ನ ಮೇಷ್ಟರಗಿರಿಯ ಸಂಬಳದಲ್ಲಿ ಉಳಿಸಿ ಕೊಂಡ ಕಾರು ನವಿಲು ನೀಲಿ ಬಣ್ಣದ್ದು. ನಮ್ಮ ಕಾರು ಎಂದು ನಾನು ಹೇಳಿಕೊಂಡು ತಿರುಗುತ್ತೇನಾದರೂ ಅದು ಅವಳ ಕಾರು. ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತ ನನಗೆ ಅದರ ಕೀ ಮುಟ್ಟುವ ಭಾಗ್ಯ ಇರಲಿಲ್ಲ. ಹೋದ ತಿಂಗಳು ಅಣ್ಣನ ಮಗಳ ಸೀಮಂತಕ್ಕೆಂದು ಹುಣಸೂರಿಗೆ ಹೊರಟವಳು ಏನನ್ನಿಸಿತೋ, ಕೀ ನನ್ನ ಕೈಗಿಟ್ಟಳು.

"ರೀ, ದಿನಾ ಒಂದ್ಸಲ ಸ್ಟಾರ್ಟ್ ಮಾಡಿ ಆಫ್ ಮಾಡಿ, ಬ್ಯಾಟರಿ ಹೋಗ್ಬಾರ್ದು. ಗೇಟಿಂದಾಚೆಗೆ ಮಾತ್ರ ತೆಗೀಬೇಡಿ. ಒಂದು ಗೀರು ಬಿತ್ತೋ, ಈ ಕೀ ಇನ್ಯಾವತ್ತೂ ನಿಮ್ಮ ಕೈಗೆ ಸಿಗಲ್ಲ."

ಸ್ಟಾರ್ಟ್ ಆದ ಕಾರನ್ನು ಸುಮ್ಮನೆ ಆಫ್ ಮಾಡಲು ಎಂಥ ಗಂಡಸಿಗೆ ಮನಸ್ಸು ಬಂದೀತು ಹೇಳಿ. ಹಾಲು ತರಲು ಹೊರಟೆ. ನಡೆದರೆ ಬೀದಿ ಕೊನೆಯಲ್ಲೇ ಅಂಗಡಿ. ಕೃಷ್ಣಮೂರ್ತಿಪುರಂನ ನಮ್ಮ ಮನೆಯ ಗೇಟು ಸೈಕಲ್ಲುಗಳ ಕಾಲದ್ದು, ಎರಡೂ ಬದಿಗೆ ಕಲ್ಲಿನ ಕಂಬ. ಸುಮಿತ್ರೆ ಅದರ ನಡುವೆ ಸೂಜಿಗೆ ದಾರ ಪೋಣಿಸಿದ ಹಾಗೆ ಕಾರು ತೆಗೆಯುತ್ತಾಳೆ. ನಾನು ಪೋಣಿಸುವಾಗ ಕರ್ರ್ ಎಂದಿತು. ಇಳಿದು ನೋಡಿದರೆ ಮುಂದಿನ ಬಂಪರಿನ ನೀಲಿ ಕಂಬಕ್ಕೆ ಹತ್ತಿತ್ತು, ಕಂಬದ ಸುಣ್ಣ ಬಂಪರಿಗೆ ಹತ್ತಿತ್ತು.

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಇರುವವರೆಲ್ಲ ಸುಮಿತ್ರೆಯ ಹಳೆಯ ಶಿಷ್ಯರು. ಅಲ್ಲಿಗೆ ಹೋದರೆ ಕಾರಿಗಿಂತ ಮೊದಲು ಸುದ್ದಿ ಮನೆ ಸೇರುತ್ತದೆ. ಆದ್ದರಿಂದ ಊರಿನ ಆ ತುದಿಯ ಕೆಸರೆಗೆ ಹೋಗಿ, ಬಸವರಾಜು ಎಂಬ ಪೇಂಟರನ್ನು ಹುಡುಕಿದೆ. ಭಾರಿ ಮಾತುಗಾರ. ಮನೆಯವರಿಗೆ ಗೊತ್ತಾಗಬಾರದು ತಾನೇ, ಇಲ್ಲಿಗೆ ಬರೋರೆಲ್ಲ ಅದಕ್ಕೇ ಬರೋದು ಎಂದು ನಾನು ಬಾಯಿ ಬಿಡುವ ಮೊದಲೇ ಹೇಳಿಬಿಟ್ಟ. ಮರುದಿನ ಶೀಟಿನ ಶೆಡ್ಡಿನೊಳಗೆ ಬಂಪರು ಥಳಥಳ ಹೊಳೆಯುತ್ತಿತ್ತು. ಕಾರನ್ನು ಬಿಸಿಲಿಗೆ ತಂದು ನಿಲ್ಲಿಸಿದ. ಬಾನೆಟ್ಟು ಒಂದು ನೀಲಿ, ಬಂಪರು ಇನ್ನೊಂದು ನೀಲಿ. ಬಣ್ಣ ತಿಳಿಯದ ನನಗೇ ಕಾಣುತ್ತಿದೆ ಎಂದ ಮೇಲೆ ಸುಮಿತ್ರೆಗೆ ಬೀದಿ ಕೊನೆಯಿಂದಲೇ ಕಂಡೀತು.

"ಬಂಪರ್ ಪ್ಲಾಸ್ಟಿಕ್ಕು ಸಾರ್, ಬಾನೆಟ್ ತಗಡು," ಎಂದ ಬಸವರಾಜು. "ಒಂದೇ ಡಬ್ಬಿ ಬಣ್ಣ ಹೊಡುದ್ರೂ ಎರಡೂ ಒಂದೇ ತರ ಕಾಣಾಕಿಲ್ಲ. ಕಂಪ್ನಿಯಿಂದ ಬರೋ ಹೊಸಾ ಗಾಡೀಲೂ ಅಂಗೇ ಇರ್ತದೆ. ಯಾರ್ ನೋಡ್ತಾರೆ ಬುಡಿ."

ಕೆಲಸ ಕೆಟ್ಟಾಗ ಎಲ್ಲರೂ ಹೇಳುವ ಮಾತು ಎಂದುಕೊಂಡು ರಸ್ತೆಗೆ ಬಂದು ನಿಂತೆ. ಹೋಗುವ ಕಾರುಗಳನ್ನು ನೋಡುತ್ತ ನೋಡುತ್ತ ದಂಗಾದೆ. ಬಿಳಿ ಕಾರೊಂದರ ಬಂಪರು ಹಾಲಿನ ಕೆನೆಯ ಬಣ್ಣ. ಕೆಂಪು ಕಾರಿನ ಬಾಗಿಲು ಒಂದು ಕೆಂಪು, ಡಿಕ್ಕಿ ಇನ್ನೊಂದು ಕೆಂಪು. ಇನ್ನೂ ನಂಬರ್ ಪ್ಲೇಟು ಬರೆಸದ ಹೊಸ ಕಾರಿನದೂ ಅದೇ ಕಥೆ. ಈ ಊರಿನಲ್ಲಿ ಇಷ್ಟು ವರ್ಷ ಬಾಳಿ, ಅರ್ಧಕ್ಕರ್ಧ ಕಾರುಗಳಿಗೆ ಎರಡೆರಡು ಬಣ್ಣವಿರುವುದನ್ನು ನಾನು ನೋಡಿಯೇ ಇರಲಿಲ್ಲ. ಕಣ್ಣು ಬಂದದ್ದಕ್ಕೆ ಸಂತೋಷಪಡುವ ಸ್ಥಿತಿಯಲ್ಲಿ ಮಾತ್ರ ನಾನಿರಲಿಲ್ಲ.

ಊರಿನವರದು ಹೇಗಾದರೂ ಇರಲಿ, ನನ್ನದು ಒಂದೇ ನೀಲಿ ಆಗಲೇಬೇಕು ಎಂದು ಹಟ ಹಿಡಿದೆ. ಬಸವರಾಜು ಗೊಣಗುತ್ತ ಕಾರಿನದೇ ನೀಲಿಯ ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು ಬಿಚ್ಚಿ, ಅದನ್ನು ಎದುರಿಗಿಟ್ಟುಕೊಂಡು ಬಣ್ಣ ಕಲೆಸಲು ಕೂತ. ಅವನು ತಗಡಿನ ಚೂರಿಗೆ ಬಣ್ಣ ಹಚ್ಚಿ ಕೊಡುವುದು, ನಾನು ಅದನ್ನೂ ಮುಚ್ಚಳವನ್ನೂ ಹಿಡಿದು ಬಿಸಿಲಿಗೆ ಓಡಿ, ತಲೆ ಅಡ್ಡ ಆಡಿಸಿ ಒಳಗೆ ಬರುವುದು. ಸಾಯಂಕಾಲ ಬಿಸಿಲು ಹೋಗುವ ಹೊತ್ತಿಗೆ ಸರಿಯಾದ ನೀಲಿ ಸಿಕ್ಕಿತು. ಮಾರನೆಯ ದಿನ ನೋಡಿದರೆ ಬಾನೆಟ್ಟು ಎಲ್ಲಿ ಮುಗಿಯಿತು, ಬಂಪರು ಎಲ್ಲಿ ಶುರುವಾಯಿತು ಎಂದು ಹೇಳುವಂತಿರಲಿಲ್ಲ. ಮನೆಗೆ ತಂದು, ಕಂಬಕ್ಕೆ ಹತ್ತಿದ ನೀಲಿಯನ್ನು ಉಜ್ಜಿ ತೆಗೆದು, ಪೇಂಟಿನ ವಾಸನೆ ಹೋಗಲೆಂದು ಕಾರಿನ ಸುತ್ತ ಊದುಬತ್ತಿ ಹಚ್ಚಿಟ್ಟೆ. ಏನು ವಿಶೇಷ ಪೂಜೆ ಎಂದು ಎದುರು ಮನೆಯವರು ಕೇಳಿದರು. ಶುಕ್ರವಾರ ಅಲ್ಲವೇ ಅಂದೆ. ಅಂದು ಬುಧವಾರ.

ಸುಮಿತ್ರೆ ಬಂದಳು. ಆಟೋದಿಂದ ಇಳಿದವಳು ಗೇಟು ತೆಗೆದು, ಒಂದು ಹೆಜ್ಜೆ ಇಟ್ಟು, ನಿಂತಳು.

"ಬಂಪರ್‌ಗೆ ಯಾವಾಗ ಪೇಂಟ್ ಮಾಡ್ಸಿದ್ರಿ?"

ಪೇಂಟೇ, ಯಾವ ಪೇಂಟು, ಬೇಕಾದರೆ ಬಿಸಿಲಿನಲ್ಲೇ ನೋಡು, ಎರಡೂ ಒಂದೇ ನೀಲಿ, ಎಳ್ಳಷ್ಟು ವ್ಯತ್ಯಾಸವಿಲ್ಲ ಎಂದು ತೊದಲಿದೆ. ಅವಳು ಬ್ಯಾಗು ಕೆಳಗಿಟ್ಟಳು.

"ಅದನ್ನೇ ಕೇಳ್ತಿರೋದು. ಷೋರೂಮಿಂದ ಬಂದಾಗ್ಲೇ ಬಂಪರ್ ಮಾಸಲಾಗಿತ್ತಲ್ರೀ. ಅವ್ರ ಹತ್ರ ಜಗಳ ಆಡ್ಕೊಂಡು ಬಂದೆ, ಪ್ಲಾಸ್ಟಿಕ್ಕು ಹಾಗೇ ಮೇಡಂ ಅಂದ್ರು. ವಾರವೆಲ್ಲ ನಿಮ್ಮ ಹತ್ರ ಹೇಳ್ಕೊಂಡು ಅತ್ತಿದ್ದೀನಿ. ಹೂಂ ಹೂಂ ಅಂತಿದ್ರಿ."

ನಾನು ಕಾರಿನ ಹಿಂದಕ್ಕೆ ಹೋಗಿ ನೋಡಿದೆ. ಕಂಬ ತಾಗದ, ಬಸವರಾಜು ಮುಟ್ಟದ ಹಿಂದಿನ ಬಂಪರು ಮಾಸಲು ನೀಲಿಯಾಗಿ ನನ್ನನ್ನೇ ನೋಡುತ್ತಿತ್ತು. ಅವಳು ಅತ್ತಿದ್ದಳಂತೆ. ನನಗೆ ಅದು ನೆನಪೇ ಇಲ್ಲ.

ಸುಮಿತ್ರೆ ಕೈ ಚಾಚಿದಳು. ಕೀ ಕೊಟ್ಟೆ. ಮುಂದಿನ ಬಂಪರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಬೆರಳಾಡಿಸಿ, ಬಹಳ ಹೊತ್ತು ನೋಡಿದಳು.

"ಚೆನ್ನಾಗಿ ಮ್ಯಾಚ್ ಮಾಡಿದ್ದಾನೆ ಕಣ್ರೀ. ಹಿಂದಿಂದೂ ಅವನ ಹತ್ರಾನೇ ಮಾಡಿಸ್ಬೇಕು. ಕಾರು ನಾನು ಓಡಿಸ್ತೀನಿ, ನೀವು ದಾರಿ ತೋರ್ಸಿ."

ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡೆ. ಗೇಟು ದಾಟಿದಾಗಿನಿಂದ ಅವಳು ಮಾತಾಡುತ್ತಲೇ ಇದ್ದಳು. ಅಷ್ಟನ್ನೂ ಗಮನವಿಟ್ಟು ಕೇಳಿಸಿಕೊಂಡೆ. ಹಾಗಾಗಿ ದಾರಿ ತೋರಿಸುವುದು ಮರೆತೇಹೋಯಿತು.