ಗೆಲ್ಲುವ ಮೊದಲೇ ದಾನ ಮಾಡಿದ ವಾಷಿಂಗ್ ಮೆಷಿನ್

ಈ ವರ್ಷ ವರ್ತಕರ ಸಂಘದ ಪೋಕರ್ ಟೂರ್ನಮೆಂಟ್ ಗೆಲ್ಲದಿದ್ದರೆ ಇದು ಇಸ್ಪೀಟೆಲೆ ಹಿಡಿದ ಕೈಯೇ ಅಲ್ಲ ಎಂದು ಕನ್ನಡಿಯ ಮುಂದೆ ನಿಂತು ಘೋಷಿಸಿದೆ. ಕನ್ನಡಿ ಒಪ್ಪಿತು. ಹೆಂಡತಿ ಒಪ್ಪಲಿಲ್ಲ.

"ಹೋದ ವರ್ಷಾನೂ ಹೀಗೇ ಹೇಳಿದ್ರಿ."

"ಅದು ದುರದೃಷ್ಟ ಕಣೇ! ನನ್ನ ಕೈಲಿ ಎರಡು ಎಕ್ಕ! ಆ ಔಷಧಿ ಅಂಗಡಿಯವನ ಕೈಲಿ ಬರೀ ಎರಡು ಮತ್ತು ಏಳು! ಮೇಜಿನ ಮೇಲೆ ಇನ್ನೆರಡು ಏಳು ಬೀಳಬೇಕಾ?"

"ಆ ಒಂದಾಟ ಬಿಡಿ. ಮಿಕ್ಕಿದ್ದೆಲ್ಲ ಯಾಕೆ ಸೋತ್ರಿ? ಒಳ್ಳೆ ಎಲೆ ಬಂದ್ರೆ ನಿಮ್ಮ ಕಣ್ಣು ತಟ್ಟೆಯಷ್ಟಾಗುತ್ತೆ. ಊರಿಗೆಲ್ಲ ಗೊತ್ತು."

ಕಣ್ಣಿನ ವಿಷಯವೇ? ಹದಿನೆಂಟು ವರ್ಷಗಳಿಂದ ಕನ್ನಡಕದ ಅಂಗಡಿ ನಡೆಸುತ್ತಿರುವ ನನಗೆ ಈ ಮಾತೇ! ಮರುದಿನವೇ ಅಂಗಡಿಯಲ್ಲಿದ್ದ ಅತ್ಯಂತ ಕಪ್ಪು ಕನ್ನಡಕವನ್ನು ಮನೆಗೆ ತಂದೆ. ಅದು ಎಷ್ಟು ಕಪ್ಪೆಂದರೆ, ಹಾಕಿಕೊಂಡು ಗಂಭೀರವಾಗಿ ಹೊರಟವನು ಬೀದಿ ಬಾಗಿಲೆಂದು ಬಟ್ಟೆಯ ಬೀರು ತೆರೆದು ಒಳಗೆ ಕಾಲಿಟ್ಟೆ.

ಮೊದಲ ಬಹುಮಾನ ವಾಷಿಂಗ್ ಮೆಷಿನ್. ನಮ್ಮ ಹಳೆಯದು ಬಟ್ಟೆ ಹಿಂಡುವಾಗ ಗಡಗಡ ನಡುಗುತ್ತ ಬಚ್ಚಲಿನಿಂದ ಅಡುಗೆಮನೆಯವರೆಗೂ ನಡೆದು ಬರುತ್ತಿತ್ತು. ಟೂರ್ನಮೆಂಟಿನ ಹಿಂದಿನ ದಿನ ಪಕ್ಕದ ಮನೆಯ ಡ್ರೈವಿಂಗ್ ಮೇಷ್ಟ್ರು ಅದನ್ನು ಆಸೆಯಿಂದ ನೋಡಿದರು. ನನ್ನೊಳಗಿನ ಚಕ್ರವರ್ತಿ ಎದ್ದು ನಿಂತ. "ತಗೊಂಡ್ಹೋಗಿ ಸಾರ್! ನಮಗೆ ನಾಳೆ ಹೊಸದು ಬರುತ್ತೆ!" ಮೇಷ್ಟ್ರು ಎರಡನೇ ಮಾತಾಡದೆ ಇಬ್ಬರು ಶಿಷ್ಯರನ್ನು ಕರೆದು ಹೊರಿಸಿಕೊಂಡು ಹೋದರು.

ಸಂಜೆ ಹೆಂಡತಿ ಆಫೀಸಿನಿಂದ ಬಂದಳು.

"ರೀ, ಮೆಷಿನ್ ಎಲ್ಲಿ?"

"ಹೊಸದಕ್ಕೆ ಜಾಗ ಮಾಡಿದೀನಿ."

ಅವಳು ಒಗೆಯುವ ಬಟ್ಟೆಯನ್ನೆಲ್ಲ ತಂದು ಆ ಖಾಲಿ ಜಾಗದಲ್ಲಿ ರಾಶಿ ಹಾಕಿದಳು.

ಭಾನುವಾರ ಬೆಳಿಗ್ಗೆ ಆಟ ಶುರುವಾಯಿತು. ಕಪ್ಪು ಕನ್ನಡಕದ ಮಹಿಮೆಯೇ ಮಹಿಮೆ! ನನ್ನ ಮುಖ ಓದಲಾಗದೆ ಬೇಕರಿಯವನು ಹೋದ, ದರ್ಜಿ ಹೋದ. ಊಟದ ಹೊತ್ತಿಗೆ ಉಳಿದವರು ಇಬ್ಬರೇ: ನಾನು ಮತ್ತು ಅದೇ ಔಷಧಿ ಅಂಗಡಿಯವನು.

ಮೇಜಿನ ಮೇಲೆ ಇಬ್ಬರಿಗೂ ಸೇರಿದ ಐದು ಎಲೆಗಳು ಬಿದ್ದವು. ಅವುಗಳಲ್ಲಿ ಮೂರು ಕಪ್ಪು ಇಸ್ಪೀಟು ಜಾತಿಯವು. ನನ್ನ ಕೈಯಲ್ಲಿ ಎರಡು ಇಸ್ಪೀಟು. ಒಟ್ಟು ಐದು, ಎಲ್ಲ ಒಂದೇ ಜಾತಿ! ಕನ್ನಡಕದ ಹಿಂದೆ ನನ್ನ ಕಣ್ಣು ತಟ್ಟೆಯಲ್ಲ, ಪರಾತವೇ ಆಯಿತು. ಇದ್ದಬದ್ದ ಬಿಲ್ಲೆಗಳನ್ನೆಲ್ಲ ಎರಡೂ ಕೈಯಿಂದ ಮುಂದೆ ತಳ್ಳಿದೆ. ಅವನೂ ತಳ್ಳಿದ.

"ಐದು ಇಸ್ಪೀಟು!" ಎಂದು ಎಲೆ ಬಡಿದೆ.

"ಅಣ್ಣ," ಔಷಧಿ ಅಂಗಡಿಯವನು ಮೆಲ್ಲಗೆ ಹೇಳಿದ, "ಒಂದ್ಸಲ ಕನ್ನಡಕ ತೆಗೀರಿ."

ತೆಗೆದೆ. ನನ್ನ ಎರಡನೆಯ ಎಲೆ ಕೆಂಪಗೆ ನಗುತ್ತಿತ್ತು. ಆಟೀನು! ಕಪ್ಪು ಗಾಜಿನೊಳಗೆ ಕೆಂಪೂ ಕಪ್ಪೇ. ತಲೆಕೆಳಗಾದ ಆಟೀನು ಇಸ್ಪೀಟಿನ ತದ್ರೂಪ! ಅವನ ಕೈಯಲ್ಲಿದ್ದದ್ದು ಬರೀ ನಾಲ್ಕರ ಒಂದು ಜೋಡಿ. ಅಷ್ಟೇ ಸಾಕಾಯಿತು. ಈ ಸಲ ದುರದೃಷ್ಟವನ್ನು ದೂರುವಂತೆಯೂ ಇರಲಿಲ್ಲ, ದೃಷ್ಟಿಯದೇ ದೋಷ!

ಎರಡನೇ ಬಹುಮಾನವೂ ಇತ್ತು: ಐದು ಕಿಲೋ ಸೋಪಿನ ಪುಡಿ.

ಅದನ್ನು ಹೆಗಲ ಮೇಲೆ ಹೊತ್ತು ಮನೆಗೆ ಬಂದೆ. ಹೆಂಡತಿ ನನ್ನನ್ನು ನೋಡಿದಳು, ಪುಡಿಯನ್ನು ನೋಡಿದಳು, ಬಚ್ಚಲಿನ ಕಡೆ ಬೆರಳು ತೋರಿಸಿದಳು. ವಾರದ ಬಟ್ಟೆಯನ್ನೆಲ್ಲ ಒಗೆದು, ಹಿಂಡಿ, ಮಹಡಿಯಲ್ಲಿ ಹರವಿ, ಒಣಗಿದ ಮೇಲೆ ರಾಶಿಯಾಗಿ ಹೊತ್ತು ತಂದು ನಡುಮನೆಯಲ್ಲಿ ಕುಸಿದೆ.

"ರೀ," ಈಗ ಅವಳ ದನಿ ಬೆಣ್ಣೆ. "ಕೈಲಿರೋ ಎಲೆ ಸರಿ ಇಲ್ಲ ಅಂದ್ರೆ, ಜಂಬ ಮಾಡದೆ ಕೆಳಗಿಟ್ಟು ಸುಮ್ಮನಾಗ್ತಾರಲ್ಲ, ಅದಕ್ಕೆ ನಿಮ್ಮ ಪೋಕರಲ್ಲಿ ಏನಂತಾರೆ?"

ಕೊನೆಗೂ ಆಟದಲ್ಲಿ ಆಸಕ್ತಿ ಬಂತಲ್ಲ! ಉತ್ಸಾಹದಿಂದ ಎದ್ದು ಕುಳಿತು ಹೇಳಿದೆ: "ಫೋಲ್ಡ್!"

"ಹಾಂ, ಅದೇ," ಎಂದು ಮಡಿಸದ ಬಟ್ಟೆಯ ರಾಶಿಯನ್ನು ನನ್ನ ಮಡಿಲಿಗೆ ತಳ್ಳಿದಳು. "ಮಾಡಿ."