ಮಗ್ಗದ ಕೋಣೆಯ ಕೀಲಿ

ಅಂದಿನ ಫಜೀತಿಗೆಲ್ಲ ಮೂಲ ರೋಹಿಣಿಯ ಬಲಗೈ ಹೆಬ್ಬೆರಳು. ಕೇಕಿನ ಹಿಟ್ಟು ಕಲಸಿ, ಪಾತ್ರೆಯ ಅಂಚಿಗೆ ಮೆತ್ತಿದ್ದನ್ನು ಒರೆಸಿದ ಬೆರಳು ಯಾರ ಅಪ್ಪಣೆಯನ್ನೂ ಕೇಳದೆ ನೇರ ಬಾಯಿಗೆ ಹೋಯಿತು. ಇಪ್ಪತ್ತು ವರ್ಷ ಅಡುಗೆಮನೆಯಲ್ಲಿ ಕಳೆದ ಬೆರಳು. ಅದಕ್ಕೆ ಗೊತ್ತಿದ್ದ ದಾರಿ ಅದೊಂದೇ. ಬೆಲ್ಲದ ಸವಿ ನಾಲಿಗೆಗೆ ತಾಕುವುದಕ್ಕೂ ಕಿಟಕಿಯಾಚೆಯಿಂದ ದನಿ ಬರುವುದಕ್ಕೂ ಸರಿಹೋಯಿತು.

"ಏ ರೋಹಿಣಿ, ನೆಕ್ಕಿದ್ಯಲ್ಲವಾ!"

ಪಕ್ಕದ ಮನೆಯ ನೀಲಗಂಗವ್ವ. ಬೆಟಗೇರಿಯ ಆ ಓಣಿಯಲ್ಲಿ ಮನೆ ಮನೆ ಬೇರ್ಪಡಿಸಲು ಗೋಡೆ ಕಟ್ಟಿದಂತಿರಲಿಲ್ಲ, ಕಿಟಕಿ ಇಡಲಿಕ್ಕೆಂದೇ ಕಟ್ಟಿದಂತಿತ್ತು.

"ಇಲ್ರೀ ಕಾಕು, ಬೆರಳಿಗೆ ಬಿಸಿ ತಾಕ್ತು."

"ಹಸೀ ಹಿಟ್ಟಿನ್ಯಾಗ ಎಲ್ಲೀ ಬಿಸಿ? ನನ್ನ ಕಣ್ಣಾಗ ಪೊರಿ ಐತಿ ಅಂತ ತಿಳದಿಯೇನ? ಆಪರೇಶನ್ ಆಗೈತಿ. ಈಗ ಇರುವಿ ಮೀಸಿನೂ ಕಾಣತೈತಿ."

ಒಂದು ತಿಂಗಳ ವ್ರತದ ಕೊನೆಯ ದಿನವದು.

ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಕಲಿಸಿ ನಿವೃತ್ತರಾಗಿದ್ದ ಮಮತಾ ಮೇಡಂ ಓಣಿಯ ಹೆಂಗಸರನ್ನೆಲ್ಲ ಸೇರಿಸಿ ಈ ವ್ರತ ಹಿಡಿಸಿದ್ದರು. ಬೆಳಗಾಗುವ ಮೊದಲು ಶಾಲೆಯ ಮೈದಾನ ಸುತ್ತಬೇಕು; ಸಕ್ಕರೆ, ಬೆಲ್ಲ, ಮೈದಾ ಬಾಯಿಗೆ ಹಾಕಬಾರದು; ತಿಂಗಳ ಕೊನೆಗೆ ತೂಕ ಇಳಿದಿರಬೇಕು. ಉಳಿದವರಿಗೆ ಅದು ಹೊತ್ತು ಹೋಗುವ ಆಟ. ರೋಹಿಣಿಗೆ ಮಾತ್ರ ಅದರಲ್ಲೊಂದು ಕೋಣೆ ಅಡಗಿತ್ತು.

ಅವಳು ಮನೆಯಲ್ಲೇ ಕೇಕು, ಬಿಸ್ಕೀಟು ಮಾಡಿ ಕೇಳಿದವರಿಗೆ ಕೊಡುತ್ತಿದ್ದಳು. ಅವಳ ಓವನ್ ಅಡುಗೆಮನೆಯ ಜೋಳದ ಡಬ್ಬಿಯ ಮೇಲೆ, ಕರೆಯದೆ ಬಂದ ನೆಂಟನಂತೆ ಸಂಕೋಚದಿಂದ ಕೂತಿತ್ತು. ಜೋಳ ತೆಗೆಯುವಾಗಲೆಲ್ಲ ಅದನ್ನು ಎತ್ತಿ ಕೆಳಗಿಡಬೇಕು; ಅದು ಉರಿಯುತ್ತಿರುವಾಗ ಮಿಕ್ಸರ್ ಹಚ್ಚಿದರೆ ಇಡೀ ಮನೆ ಕತ್ತಲು. ಅದೇ ಮನೆಯ ಮುಂಭಾಗದಲ್ಲಿ ಮಗ್ಗದ ಕೋಣೆ ಖಾಲಿ ಬಿದ್ದಿತ್ತು. ಮಗ್ಗ ಬಿಚ್ಚಿ ಮಾರಿ, ನೇಯುವವರು ಕಾಲು ಇಳಿಬಿಟ್ಟು ಕೂರುತ್ತಿದ್ದ ಕುಣಿ ಮುಚ್ಚಿ ವರ್ಷಗಳಾಗಿದ್ದವು. ಕೀಲಿ ಮಾತ್ರ ಅತ್ತೆ ಬನಶಂಕರೆವ್ವನ ಸೊಂಟದಲ್ಲಿ. ದಿನಾ ಮಧ್ಯಾಹ್ನ ಊಟವಾದ ಮೇಲೆ "ಕೋಣಿ ಝಾಡಿಸಿ ಬರ್ತೇನಿ" ಎಂದು ಒಳಹೋಗುವ ಅತ್ತೆ ಹೊರಬರುತ್ತಿದ್ದುದು ಚಹಾದ ಹೊತ್ತಿಗೆ.

ಆ ಕೋಣೆಯಲ್ಲಿ ಓವನ್ ಇಟ್ಟುಕೊಳ್ಳುತ್ತೇನೆ ಎಂದು ರೋಹಿಣಿ ಕೇಳಿದಾಗ ಬನಶಂಕರೆವ್ವ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿರಲಿಲ್ಲ.

"ಹೊಲಿಗಿ ಮಷೀನ್ ತಂದಿ, ಬಿಟ್ಟಿ. ಹಪ್ಪಳ ಒತ್ತೂದು ತಂದಿ, ಅಟ್ಟಕ್ಕ ಹೋತು. ನಾಳಿ ಈ ಬೆಂಕಿ ಡಬ್ಬಿನೂ ಬಿಡತಿ, ನನ್ನ ಕೋಣಿ ಗುಜರಿ ಅಂಗಡಿ ಆಕ್ಕೈತಿ. ಹಿಡದದ್ದ ಒಂದರ ಮುಗಿಸಿ ತೋರ್ಸು. ಆ ಮೇಡಮ್ಮನ ವ್ರತ ಹಿಡದೀಯಲ್ಲ, ತಿಂಗಳ ಮುಗಿಸಿ ಹಗೂರ ಆಗು. ಮಂದಿ ಮುಂದ ಕೀಲಿ ಕೊಡ್ತೇನಿ."

ಗಂಡ ಪ್ರಲ್ಹಾದ ಸೀರೆ ಅಂಗಡಿಯ ಕೆಲಸದವನು. ಇಡೀ ದಿನ ಹೆಂಗಸರ ಮುಂದೆ ಸೀರೆ ಬಿಚ್ಚಿ ಮಡಿಸಿ ದಣಿದು ಬರುವವನು ಮನೆಯಲ್ಲಿ ಯಾವ ಪಕ್ಷವನ್ನೂ ಹಿಡಿಯುತ್ತಿರಲಿಲ್ಲ. "ನಿಮ್ಮಿಬ್ಬರ ನಡಕ ನನ್ನ ಎಳೀಬ್ಯಾಡ್ರಿ" ಎಂದು ತಾಟು ಎಳೆದುಕೊಂಡಿದ್ದ.

ತೂಕ ಮಾಡುವ ಜಾಗ ಓಣಿಯ ತುದಿಯ ಗಾಳೆಪ್ಪನ ಕಿರಾಣಿ ಅಂಗಡಿ. ಅಕ್ಕಿ, ಜೋಳದ ಚೀಲ ತೂಗುವ ಅವನ ಹಳೆಯ ಕಾಟಾಕ್ಕೆ ಗೋಡೆ ಗಡಿಯಾರದಷ್ಟು ದೊಡ್ಡ ಮುಖ, ಅದರಲ್ಲೊಂದೇ ಮುಳ್ಳು. ಮೊದಲ ದಿನ ರೋಹಿಣಿ ತವರೂರು ಕುರ್ತಕೋಟಿಯಿಂದ ಬಂದು ಬಸ್ಸಿಳಿದಿದ್ದಳಷ್ಟೆ. ಮಮತಾ ಮೇಡಂ ದಾರಿಯಲ್ಲೇ ಹಿಡಿದರು.

"ಮನಿಗೆ ಹೋಗಿ ಉಡಿ ದೇವರ ಮುಂದ ಇಳಿಸಿ, ಕೈಕಾಲ ತೊಳ್ಕೊಂಡ ಬರ್ತೀನ್ರಿ ಮೇಡಂ."

"ಮನಿಗೆ ಹೋದ್ರ ಚಹಾ ಕುಡೀತಿ, ಚಹಾಕ್ಕ ಸಕ್ಕರಿ ಹಾಕ್ತಿ. ಹತ್ತು ಮೊದಲ!"

ನಿಯಮ ಅಂದರೆ ಮೇಡಮ್ಮಿಗೆ ಪ್ರಾಣ. ರೋಹಿಣಿಯ ಕೈಚೀಲ, ಛತ್ರಿ, ಚಪ್ಪಲಿ, ಮೊಬೈಲು, ತವರಿನ ಬದನೆಕಾಯಿಯ ಗಂಟು ಎಲ್ಲ ಕೆಳಗಿಡಿಸಿ, ಕೊನೆಗೆ ಬಾಯಲ್ಲಿದ್ದ ಅಡಿಕೆಯನ್ನೂ ಉಗುಳಿಸಿ ಕಾಟಾ ಹತ್ತಿಸಿದರು. ಮುಳ್ಳು ನಿಂತ ಕಡೆ, ಗಾಜಿನ ಮೇಲೆ, ಅವಳ ಹಣೆಯ ಕೆಂಪು ಟಿಕಳಿಯನ್ನೇ ಕಿತ್ತು ಅಂಟಿಸಿದರು. ಹೀಗೆ ಒಬ್ಬೊಬ್ಬರದು ಒಂದೊಂದು ಬಣ್ಣದ ಟಿಕಳಿ. ಗಾಳೆಪ್ಪನ ಕಾಟಾ ಮದುಮಗಳಂತೆ ಕಾಣತೊಡಗಿತು.

"ಕಡೀ ದಿನ ಎಲ್ಲಾರೂ ಇವತ್ತಿನ ಸೀರಿನ ಉಟ್ಟು ಬರಬೇಕು. ಯಾರಿಗೂ ಅನ್ಯಾಯ ಆಗಬಾರದು" ಎಂದೂ ಮೇಡಂ ಸಾರಿದರು.

ಆ ತಿಂಗಳು ರೋಹಿಣಿ ರುಚಿ ನೋಡದೆ ಕೇಕು ಮಾಡಿದಳು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಸೂಜಿಗೆ ದಾರ ಪೋಣಿಸಿದಂತೆ. ಅತ್ತೆಗೆ ತುಂಡು ಕೊಟ್ಟು ಹೇಗಿದೆ ಎಂದರೆ "ಏನೋ ಕಮ್ಮಿ ಐತಿ" ಎಂಬ ಉತ್ತರ. ಏನು ಕಮ್ಮಿ ಎಂದರೆ "ಅದ ನಿನಗ ಗೊತ್ತಿರಬೇಕು." ಓವನ್ನಿನಿಂದ ಏಲಕ್ಕಿ ವಾಸನೆ ಎದ್ದಾಗ ರೋಹಿಣಿಯ ಹೊಟ್ಟೆ ಒಳಗಿಂದ ಬಾಗಿಲು ಬಡಿಯುತ್ತಿತ್ತು. ಆಗ ಅವಳು ಒಂದು ರೊಟ್ಟಿಗೆ ಶೇಂಗಾ ಹಿಂಡಿ, ಎಣ್ಣೆ ಹಾಕಿಕೊಂಡು ಉಣ್ಣುತ್ತಿದ್ದಳು. ಬಾಗಿಲು ಬಡಿಯುವುದು ನಿಲ್ಲದಿದ್ದರೆ ಇನ್ನೊಂದು. ಶೇಂಗಾ ಹಿಂಡಿ ಸಿಹಿಯಲ್ಲವಲ್ಲ.

ಇಂತಹ ತಿಂಗಳನ್ನು ದಾಟಿ ಬಂದವಳನ್ನು ಈಗ ಒಂದು ಹೆಬ್ಬೆರಳು ಮುಳುಗಿಸುವಂತಿತ್ತು. ಕಲಸುತ್ತಿದ್ದುದು ಸಂಜೆಯ ಸಮಾರಂಭಕ್ಕೆಂದು ಮೇಡಮ್ಮೇ ಹೇಳಿದ್ದ ಸಜ್ಜೆ ಹಿಟ್ಟಿನ, ಬೆಲ್ಲದ ಕೇಕು. ಅದನ್ನು ಓವನ್ನಿಗೆ ಇಟ್ಟು ರೋಹಿಣಿ ಬಾಯಿ ಮುಕ್ಕಳಿಸುವಷ್ಟರಲ್ಲಿ ನೀಲಗಂಗವ್ವನ ಫೋನು ಹೋಗಿಯೇಬಿಟ್ಟಿತ್ತು.

"ಹೌದ್ರಿ ಮೇಡಂ, ನೆಕ್ಕಿದ್ಲು. ಬಲಗೈ ಹೆಬ್ಬಟ್ಟು. ಅರ್ಧ ಅಲ್ರಿ, ಪೂರಾ." ಆಮೇಲೆ ಕಿಟಕಿಗೆ ಬಂದು ತೀರ್ಪು ಓದಿದಳು: "ವ್ರತ ಮುರದಂಗ ಲೆಕ್ಕ ಅಂತ. ಆದ್ರ ಕಡೀ ದಿನ ಅಂತ ಒಂದ ಅವಕಾಶ ಕೊಟ್ಟಾರ. ಈಗಿಂದೀಗ ಹಗ್ಗ ಜಿಗೀಬೇಕಂತ, ಬೆವರ ತೊಟ್ಟಿಕ್ಕೂತನಕ. ಸಾಕ್ಷಿ ನಾನು. ಎಲ್ಲಿ ಜಿಗೀತಿ?"

ಅಂಗಳದಲ್ಲಿ ಬನಶಂಕರೆವ್ವ ಮೆಣಸಿನಕಾಯಿ ಒಣಹಾಕಿದ್ದಳು. ಪಡಸಾಲೆಯಲ್ಲಿ ತೊಲೆ ತಲೆಗೆ ತಾಕುತ್ತಿತ್ತು. ಉಳಿದದ್ದು ಮಾಳಿಗೆ. ಮಣ್ಣಿನ ಹಳೆಯ ಮಾಳಿಗೆ. ನಲವತ್ತಾರರ ರೋಹಿಣಿ ಸೆರಗು ಕಟ್ಟಿಕೊಂಡು, ಮಗಳು ಬಿಟ್ಟುಹೋದ ಹಗ್ಗ ಹಿಡಿದು ಹತ್ತಿದಳು. ತನ್ನ ಮಾಳಿಗೆಯಿಂದ ನೀಲಗಂಗವ್ವ ಕೈಯಲ್ಲಿ ಬೀಸಣಿಗೆ ಹಿಡಿದು ನೋಡುತ್ತಿದ್ದಳು.

"ಕಾಲ ಎರಡೂ ಏಳಬೇಕವಾ! ಒಂದ ಎತ್ತಿ ಒಂದ ಇಟ್ರ ಅದು ಜಿಗದಂಗಲ್ಲ, ಕುಂಟಿದಂಗ."

ರೋಹಿಣಿ ಎರಡೂ ಕಾಲೆತ್ತಿ ಜಿಗಿದಳು. ಮಾಳಿಗೆ ಧಂ ಎಂದಿತು. ಮತ್ತೆ ಜಿಗಿದಳು. ಕೆಳಗಿನಿಂದ ಬನಶಂಕರೆವ್ವನ ದನಿ ಬೆಳಕಿಂಡಿಯ ಮೂಲಕ ಮೇಲೆ ಬಂತು.

"ಮ್ಯಾಲ ಯಾರಲೇ ಎಮ್ಮಿ ಕುಣಸಾಕ ಹತ್ತೀರಿ! ಸಾರಿನ್ಯಾಗ ಮಣ್ಣ ಉದರಾಕತ್ತೈತಿ!"

ಬೆವರು ಮೂಗಿನ ತುದಿಗೆ ಬಂದು, ಅಲ್ಲೇ ನಿಂತು ಯೋಚಿಸಿ, ಕಡೆಗೆ ತೊಟ್ಟಿಕ್ಕಿತು. "ಆತು, ಇಳಿ" ಎಂದಳು ಸಾಕ್ಷಿ. ಆಗ ರೋಹಿಣಿಗೆ ನೆನಪಾಯಿತು: ಮಾಳಿಗೆಯ ಕೆಳಗೆ ಅಡುಗೆಮನೆ, ಅಡುಗೆಮನೆಯಲ್ಲಿ ಡಬ್ಬಿ, ಡಬ್ಬಿಯ ಮೇಲೆ ಓವನ್, ಓವನ್ನಿನಲ್ಲಿ ಅರ್ಧ ಉಬ್ಬಿದ ಕೇಕು.

ಕೇಕು ನಟ್ಟನಡುವೆ ಕುಸಿದಿತ್ತು. ಊಟಕ್ಕೆ ಬಂದ ಪ್ರಲ್ಹಾದ ಅದನ್ನು ಸುತ್ತಲಿಂದ ನೋಡಿದ.

"ಇದೇನ ಕೇಕೋ, ಕುಣಿಮಗ್ಗೋ? ಕಾಲ ಇಳಿಬಿಟ್ಟ ಕುಂತು ನೇಯಬಹುದು."

ರೋಹಿಣಿಗೆ ಅಳು ಬಂತು, ಆದರೆ ಅಳಲು ಸಮಯವಿರಲಿಲ್ಲ. ಸಜ್ಜೆ ಹಿಟ್ಟು ಮುಗಿದಿತ್ತು. ಬೇರೆ ದಾರಿ ಕಾಣದೆ ಅತ್ತೆಯ ಡಬ್ಬಿಯಿಂದ ಶೇಂಗಾ ಉಂಡಿ ತೆಗೆದು ಪುಡಿ ಮಾಡಿ ಕುಣಿಗೆ ತುಂಬಿ, ಮೇಲೆ ಕೊಬ್ಬರಿ ಉದುರಿಸಿ ಒತ್ತಿದಳು. ರುಚಿ ಹೇಳಲು ನೀಲಗಂಗವ್ವನನ್ನೇ ಕರೆದಳು. ಅವಳು ಅಂಚಿನ ತುಂಡೊಂದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು.

"ಈಗ ಹೇಳಾಕ ಬರಂಗಿಲ್ಲ. ಇನ್ನೊಂದ ಕೊಡು."

ಅವಳು ಖಾತ್ರಿಯಾಗಿ ಹೇಳುವಷ್ಟರಲ್ಲಿ ಕೇಕು ನಾಲ್ಕೂ ಕಡೆ ಸವೆದು ಗುಂಡಗಿದ್ದದ್ದು ಚೌಕಾಗಿತ್ತು.

"ಖರೇನ ಹೇಳ್ತೇನಿ, ಭಾಳ ಛೊಲೋ ಆಗೈತಿ" ಎಂದು ಬಾಯಿ ಒರೆಸಿಕೊಂಡಳು. ಅವಳ ವ್ರತದ ಮಾತೆತ್ತಿದರೆ, "ನಂದು ಯಾವಾಗೋ ಮುರದೈತವಾ, ಈಗೇನ ಹೊಸದಾಗಿ ಮುರಿಯೂದು" ಎಂದಳು.

ಸಂಜೆ ಗಾಳೆಪ್ಪನ ಅಂಗಡಿಯ ಮುಂದೆ ಹೆಂಗಸರು ಸೇರಿದರು. ಅಕ್ಕಿ ಒಯ್ಯಲು ಬಂದ ಗಂಡಸರು ಒಯ್ಯದೆ ನಿಂತರು. ನೀಲಗಂಗವ್ವ ಹತ್ತಿದಾಗ ಮುಳ್ಳು ಅವಳ ಹಸಿರು ಟಿಕಳಿಯನ್ನು ದಾಟಿ, ಹಿಂತಿರುಗಿಯೂ ನೋಡದೆ ಮುಂದೆ ಹೋಯಿತು. "ಕಣ್ಣಾಗ ಹೊಸಾ ಮಸೂರ ಕುಂದ್ರಿಸ್ಯಾರ, ಅದರ ಭಾರ" ಎಂದು ಇಳಿದಳು.

ರೋಹಿಣಿಯ ಸರದಿ ಬಂತು. ಮೊದಲ ದಿನದ ಅದೇ ನೀಲಿ ಸೀರೆ. ಚಪ್ಪಲಿ ಬಿಟ್ಟಳು, ಮೊಬೈಲು ಗಂಡನಿಗೆ ಕೊಟ್ಟಳು, ತಲೆಯ ಪಿನ್ನನ್ನೂ ತೆಗೆದಳು. ಬೆಳಗಿನಿಂದ ಆ ಹೆಬ್ಬೆರಳನ್ನೂ ನೀರನ್ನೂ ಬಿಟ್ಟರೆ ಬಾಯಿಗೆ ಏನೂ ಹೋಗಿರಲಿಲ್ಲ. ಕಣ್ಣು ಮುಚ್ಚಿ ಕಾಟಾ ಹತ್ತಿದಳು. ಕಣ್ಣೆದುರು ಮಗ್ಗದ ಕೋಣೆ: ಬಿಳಿ ಬಳಿದ ಗೋಡೆ, ಮೇಜಿನ ಮೇಲೆ ಓವನ್, ಹೊರಗಿನವರು ಕೂಗಿದರೂ ಕೇಳಿಸದಂತೆ ಮುಚ್ಚಿದ ಬಾಗಿಲು.

ಚಪ್ಪಾಳೆ ಕೇಳಿ ಕಣ್ಣು ತೆರೆದಳು. ಮುಳ್ಳು ಕೆಂಪು ಟಿಕಳಿಗಿಂತ ಎಷ್ಟೋ ಈಚೆಗೆ ನಿಂತಿತ್ತು.

"ಇಡೀ ಓಣ್ಯಾಗ ನೀನ ಒಬ್ಬಾಕಿ ನೋಡವಾ!" ಎಂದು ಮೇಡಂ ಬೆನ್ನು ತಟ್ಟಿದರು. ಒಂದು ತುಂಡು ಕೇಕು ಅವಳ ಕೈಗಿತ್ತರು. ರೋಹಿಣಿ ಅತ್ತೆಯ ಕಡೆ ನೋಡಿದಳು. ಬನಶಂಕರೆವ್ವ ಸೊಂಟದಿಂದ ಕೀಲಿ ಬಿಚ್ಚಿ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಕೊಟ್ಟ ಮಾತ ಕೊಟ್ಟಂಗ. ಆದ್ರ ಇಂಥಾ ಹೊತ್ತಿನ್ಯಾಗ ಸೊಸಿನ್ನ ಬರೇ ಕೈಲೆ ಕಳಸ್ತಾರೇನ? ಮೊದಲ ಉಡಿ ತುಂಬ್ರಿ. ನೀಲಗಂಗಾ, ನೀ ತುಂಬು. ಕುಬಸದ ಖಣ ನಾ ಮನಿಂದನ ತಂದೇನಿ."

ಗಾಳೆಪ್ಪ ಅಕ್ಕಿ ಅಳೆದ. ಬನಶಂಕರೆವ್ವ ತಾನೇ ಕಾಯಿಯ ರಾಶಿಯ ಮುಂದೆ ಕುಕ್ಕರಿಸಿ, ಒಂದೊಂದನ್ನೇ ಕಿವಿಯ ಹತ್ತಿರ ಅಲುಗಾಡಿಸಿ, ಎಲ್ಲಕ್ಕಿಂತ ದೊಡ್ಡದನ್ನು ಆರಿಸಿದಳು. ಅಕ್ಕಿ, ಕಾಯಿ, ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು ರೋಹಿಣಿಯ ಸೆರಗಿಗೆ ಬಿದ್ದವು. ಅವಳು ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕಣ್ಣು ತುಂಬಿ ಬಂದವು. ಅತ್ತೆ ತನ್ನನ್ನು ಇಷ್ಟು ಮಂದಿಯ ಮುಂದೆ ಗೌರವಿಸಿದ್ದು ಇದೇ ಮೊದಲು.

"ಪ್ರಲ್ಹಾದಾ, ಒಂದ ಫೋಟೋ ತಗಿಯಪ್ಪಾ. ಕಾಟಾದ ಮ್ಯಾಲ ನಿಂತಂಗ ಇರ್ಲಿ. ಹತ್ತು ರೋಹಿಣಿ, ಫೋಟೋ ಆದ ಮ್ಯಾಲ ಕೀಲಿ ತಗೊ."

ಒಂದು ಕೈಯಲ್ಲಿ ಕೇಕಿನ ತುಂಡು ಹಿಡಿದು, ಇನ್ನೊಂದನ್ನು ಉಡಿಗೆ ಆಸರೆ ಕೊಟ್ಟು ರೋಹಿಣಿ ನಗುತ್ತ ಹತ್ತಿದಳು. ಮುಳ್ಳು ಹೊರಟಿತು. ಮೆಲ್ಲಗೆ ಹೋಗಿ, ಕೊಂಚ ನಡುಗಿ, ಕೆಂಪು ಟಿಕಳಿಯ ನೆತ್ತಿಯ ಮೇಲೆ ನಿಂತಿತು. ಕೂದಲೆಳೆಯಷ್ಟು ಆಚೆಯಿಲ್ಲ, ಈಚೆಯಿಲ್ಲ.

ಮೊದಲು ಬಾಯಿ ಬಿಟ್ಟವಳು ಹೊಸ ಕಣ್ಣಿನ ನೀಲಗಂಗವ್ವ.

"ಅಯ್ಯ! ಅವತ್ತೂ ಹೊಟ್ಟಿ ಮುಂದ ಹಿಂಗ ಉಬ್ಬಿತ್ತಲ್ಲ! ತವರಿಂದ ಬಂದಿದ್ಲು, ಉಡಿ ಇತ್ತು!"

ಬಾಯಲ್ಲಿದ್ದ ಅಡಿಕೆ ಉಗುಳಿಸಿದ್ದ ಮೇಡಂ ಕಾಟಾ ನೋಡಿದರು, ಉಡಿ ನೋಡಿದರು, ಕನ್ನಡಕ ತೆಗೆದು ಒರೆಸಿದರು. ಹೆಂಗಸಿನ ಮೈಮೇಲಿನದ್ದೆಲ್ಲ ಇಳಿಸಬಹುದು, ಆದರೆ ಉಡಿಯೂ ಒಂದು ಭಾರ ಎಂಬುದು ಅಲ್ಲಿದ್ದ ಒಬ್ಬ ಹೆಂಗಸಿಗೂ ಅಂದು ಹೊಳೆದಿರಲಿಲ್ಲ.

"ನನ್ನ ಕಾಟಾ ಸುಳ್ಳ ಹೇಳಂಗಿಲ್ರಿ" ಎಂದ ಗಾಳೆಪ್ಪ, ಯಾರೂ ಕೇಳದಿದ್ದರೂ.

"ಅಂದ್ರ ಇಳದದ್ದು ರೋಹಿಣಿ ಅಲ್ಲ, ಕುರ್ತಕೋಟಿ ಅಕ್ಕಿಕಾಯಿ" ಎಂದರು ಮೇಡಂ ನಿಟ್ಟುಸಿರಿಟ್ಟು. "ಇರ್ಲಿ. ನಾಳಿಂದ ಮತ್ತೊಂದ ತಿಂಗಳ." ಹಾಗೆನ್ನುತ್ತಲೇ ರೋಹಿಣಿಯ ಕೈಯಿಂದ ಕೇಕಿನ ತುಂಡನ್ನು ಬಿಡಿಸಿಕೊಂಡರು. ಅದು ನೀಲಗಂಗವ್ವನ ಪಾಲಾಯಿತು. ಕೀಲಿ ಬನಶಂಕರೆವ್ವನ ಸೊಂಟಕ್ಕೆ ಮರಳಿತು. ಮೊಬೈಲಿನಲ್ಲಿ ಫೋಟೋ ಮಾತ್ರ ಚೆನ್ನಾಗಿ ಬಂದಿತ್ತು.

ಮನೆಯ ಕಡೆ ಅತ್ತೆ ಸೊಸೆ ಇಬ್ಬರೇ ನಡೆದರು. ಪ್ರಲ್ಹಾದ ಯಾವುದೋ ನೆಪ ಹೇಳಿ ಹಿಂದೆ ಉಳಿದಿದ್ದ. ಅರ್ಧ ಓಣಿ ದಾಟಿದ ಮೇಲೆ ರೋಹಿಣಿ ಕೇಳಿದಳು.

"ಅವತ್ತ ನನ್ನ ಉಡಿ ನೀವ ದೇವರ ಮುಂದ ಇಳಿಸಿಕೊಂಡ್ರಿ ಅತ್ತಿ. ಅವತ್ತಿಂದನ ಗೊತ್ತಿತ್ತೇನ್ರಿ?"

"ಕಾಯಿ ಭಾಳ ದೊಡ್ಡದಿತ್ತು" ಎಂದಳು ಬನಶಂಕರೆವ್ವ.

"ಮತ್ತ ತಿಂಗಳಪೂರ್ತಿ ಯಾಕ ಸುಮ್ಮನಿದ್ರಿ?"

ಬನಶಂಕರೆವ್ವ ಸೊಂಟದ ಕೀಲಿಯನ್ನು ಸೆರಗಿನೊಳಗೆ ಸರಿಸಿಕೊಂಡಳು.

"ಆ ಕೋಣಿಗೆ ಒಳಗಿಂದ ಅಗಳಿ ಐತಿ. ಯಾರ ಕೂಗಿದ್ರೂ ಓ ಅನ್ನದ ಮಲಗಾಕ ಈ ಮನ್ಯಾಗ ನನಗ ಅದೊಂದ ಜಾಗಾ ಐತವಾ. ಮದಿವಿಯಾಗಿ ಬಂದ ಮ್ಯಾಲ ಅದು ಸಿಗಾಕ ಮಗ್ಗ ನಿಲ್ಲಬೇಕಾತು. ನೀ ಜಲ್ದಿ ಕೇಳಾಕತ್ತಿ."

ರೋಹಿಣಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ, ಆದರೆ ಅದರ ಬಾಲ ಹಿಡಿದು ಇನ್ನೇನೋ ಬಂತು. ಹೆಜ್ಜೆಗೊಮ್ಮೆ ಉಡಿಯ ಕಾಯಿ ಹಸಿದ ಹೊಟ್ಟೆಗೆ ಬಡಿಯುತ್ತಿತ್ತು. ಮನೆ ಇನ್ನೂ ದೂರವಿತ್ತು, ಮತ್ತು ದೇವರ ಮುಂದೆ ಹೋಗುವವರೆಗೆ ಅದನ್ನು ಇಳಿಸುವಂತಿರಲಿಲ್ಲ.